ಬೋಳಣ್ಣನ ಹಗ್ಗ ಹಿಡಿದಾಕೆ

ಮೆರವಣಿಗೆಯ ದಿನ ಗಣ್ಯರ ವೇದಿಕೆಯ ಮುಂದೆ ಕೆಟ್ಟು ನಿಂತ ಟ್ಯಾಂಕನ್ನು ಹಿಂದಕ್ಕೆ ಎಳೆದದ್ದಕ್ಕಾಗಿ ಹಗ್ಗದಕ್ಕನಿಗೆ ಬರಬೇಕಿದ್ದ ಬಡ್ತಿಯನ್ನು ತಡೆಹಿಡಿದರು. ಟ್ಯಾಂಕು ಕೆಟ್ಟದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ.

ಈಗ ಬೆಳಕು ಹರಿಯುವ ಹೊತ್ತು. ಸೇನೆಯ ದುರಸ್ತಿ ಕಾರ್ಯಾಗಾರದ ಅಂಗಳದಲ್ಲಿ ಉಕ್ಕಿನ ಹಗ್ಗವೊಂದು ಉದ್ದಕ್ಕೆ ಬಿಚ್ಚಿಕೊಂಡು ಮಲಗಿದೆ. ಎರಡು ಹೆಬ್ಬೆರಳು ಸೇರಿಸಿದಷ್ಟು ದಪ್ಪ. ಒಂದು ತುದಿ ಗಾಡಿಯ ಹೊಟ್ಟೆಯೊಳಗಿದೆ, ಇನ್ನೊಂದು ಅಂಗಳದಾಚೆ ಬೇಲಿಯ ಹತ್ತಿರ. ಹಗ್ಗದಕ್ಕ ಸೊಂಟ ಬಗ್ಗಿಸಿ, ಹಳೆಯ ಬನಿಯನ್ನಿನ ತುಂಡೊಂದನ್ನು ಹಗ್ಗದ ಸುತ್ತ ಹಗುರಾಗಿ ಹಿಡಿದು, ಜಾರಿಸುತ್ತ ಜಾರಿಸುತ್ತ ನಡೆಯುತ್ತಿದ್ದಾರೆ. ದೂರದಿಂದ ನೋಡಿದರೆ ಕೂಸಿಗೆ ಎಣ್ಣೆ ನೀವಿದಂತೆ ಕಾಣುತ್ತದೆ. ಹತ್ತಿರ ಹೋದಾಗ ಗೊತ್ತಾಗುತ್ತದೆ, ಅವರು ಒರೆಸುತ್ತಿಲ್ಲ, ಹುಡುಕುತ್ತಿದ್ದಾರೆ. ನೂರಾರು ತಂತಿ ಹೆಣೆದು ಮಾಡಿದ ಹಗ್ಗ ಇದು. ಅದರಲ್ಲಿ ಒಂದೇ ಒಂದು ಎಳೆ ಮುರಿದು ಮೇಲೆದ್ದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಸಿಕ್ಕಿಕೊಳ್ಳುತ್ತದೆ. ಬಟ್ಟೆ ಗಕ್ಕನೆ ನಿಲ್ಲುತ್ತದೆ.

"ಬಂದ್ಯಾ ಮಹರಾಯ, ಎಲ್ಲಪ್ಪಾ ಕಾಣ್ತಾ ಇಲ್ವಲ್ಲ ಅಂದ್ಕೊಂಡಿದ್ದೆ" ಎನ್ನುತ್ತಾರೆ ಹಗ್ಗಕ್ಕೆ. ಸೆರಗಿನ ಗಂಟಿನಿಂದ ಸೀಮೆಸುಣ್ಣ ತೆಗೆದು ಅಲ್ಲಿ ಗುರುತು ಹಾಕುತ್ತಾರೆ. ಒಂದು ಎಳೆ ಹೋದರೆ ಹಗ್ಗ ತಡೆಯುತ್ತದೆ, ಆದರೆ ಲೆಕ್ಕ ಇಡಬೇಕು. ಬರಿಗೈಯಲ್ಲಿ ಸವರಿ ನೋಡಬಾರದೇ ಎಂದು ಕೇಳಿದರೆ ಬಲ ಅಂಗೈಯನ್ನು ಮುಖದ ಮುಂದೆ ಹಿಡಿಯುತ್ತಾರೆ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿಳಿಯ ಗೆರೆ. "ಬಂದ ಹೊಸದರಲ್ಲಿ ನಾನೂ ಹಂಗೇ ಅಂದ್ಕೊಂಡಿದ್ದೆ. ಇದು ಕಲಿಸ್ತು."

ಹಗ್ಗದ ಆ ತುದಿಗಿರುವ ಗಾಡಿಯ ಹೆಸರು ಬೋಳಣ್ಣ. ಸರಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ನಾಲ್ಕು ಅಕ್ಷರ ಮತ್ತು ಒಂದು ಸಂಖ್ಯೆ ಇದೆ. ಶೆಡ್ಡಿನಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಟ್ಯಾಂಕಿನ ಹೊಟ್ಟೆ, ಟ್ಯಾಂಕಿನ ಎಂಜಿನ್ನು, ಟ್ಯಾಂಕಿನದೇ ಚೈನು. ಆದರೆ ಮೇಲೆ ತಲೆಯಿಲ್ಲ, ಕೋವಿಯಿಲ್ಲ. ಫಿರಂಗಿ ಇರಬೇಕಾದ ಕಡೆ ಸಪಾಟು ತಗಡು, ಪಕ್ಕಕ್ಕೆ ಮಡಚಿಟ್ಟ ಕ್ರೇನಿನ ಕೈ, ಮೂತಿಯ ಕೆಳಗೆ ಅಗಲವಾದ ಸಲಿಕೆ. ಹೂತುಹೋದ, ಉರುಳಿಬಿದ್ದ, ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವುದು ಬೋಳಣ್ಣನ ಕೆಲಸ. ಅದರ ಹೊಟ್ಟೆಯೊಳಗೆ ಹಗ್ಗ ಸುತ್ತುವ ದೊಡ್ಡ ಉರುಳೆಯಿದೆ. ಸಲಿಕೆಯನ್ನು ನೆಲಕ್ಕೆ ಕಚ್ಚಿಸಿ, ಹಠ ಹಿಡಿದ ಮಗುವಿನಂತೆ ಕೂತುಬಿಟ್ಟರೆ, ಎದುರಿನ ಟ್ಯಾಂಕು ತೆವಳಿಕೊಂಡು ಬರಲೇಬೇಕು.

ಪಕ್ಕದ ಅಂಕಣಗಳಲ್ಲಿ ಬೋಳಣ್ಣನ ಒಡಹುಟ್ಟಿದವರಿದ್ದಾರೆ. ಬೆನ್ನ ಮೇಲೆ ಮಡಚಿದ ಸೇತುವೆ ಹೊತ್ತು, ಹಳ್ಳ ಕಂಡಲ್ಲಿ ಬಿಚ್ಚಿ ಹಾಸುವುದು 'ಮಡಚುಮಂಚ'. ಮುಂದೆ ಉದ್ದುದ್ದ ನೇಗಿಲಹಲ್ಲು ಕಟ್ಟಿಕೊಂಡು, ನೆಲದೊಳಗೆ ಹೂತ ಸಿಡಿಗುಂಡುಗಳನ್ನು ಉತ್ತು ಬದಿಗೆ ತಳ್ಳುವುದು 'ಹಲ್ಲುಬ್ಬ'. ಮಡಚುಮಂಚದ ತಂಡ ಒಮ್ಮೆ ಕವಾಯತಿನಲ್ಲಿ ಹಳ್ಳಕ್ಕೆ ಸೇತುವೆ ಹಾಸಿತಂತೆ. ಮೊದಲು ತಾನು ದಾಟಿತು. ಆಚೆ ದಡದಲ್ಲಿ ನಿಂತು, ಅಭ್ಯಾಸಬಲದಿಂದ, ಸೇತುವೆಯನ್ನು ಮಡಚಿ ಬೆನ್ನಿಗೇರಿಸಿಕೊಂಡು ಹೊರಟೇಹೋಯಿತು. ದಾಟಬೇಕಿದ್ದ ದಂಡೆಲ್ಲ ಈಚೆಗೇ ನಿಂತು ಕೈ ಬೀಸುತ್ತಿತ್ತು. ಈ ಕತೆಯನ್ನು ಶೆಡ್ಡಿನ ಪ್ರತಿಯೊಬ್ಬರೂ ತಾವೇ ನೋಡಿದಂತೆ ಹೇಳುತ್ತಾರೆ.

ಊರಿನ ದೊಡ್ಡ ವೃತ್ತದಲ್ಲಿ ಒಂದು ಟ್ಯಾಂಕನ್ನು ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಅದರ ಕೊಳವೆಯ ತುದಿಗೆ ಕಾಗೆ ಕೂರುತ್ತದೆ, ಅದರ ಮುಂದೆ ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ಕೊಲ್ಲುವ ಯಂತ್ರಕ್ಕೆ ಕಟ್ಟೆ ಸಿಗುತ್ತದೆ. ದಾರಿ ಮಾಡುವ, ಸೇತುವೆ ಹಾಸುವ, ಬಿದ್ದವನನ್ನು ಎತ್ತುವ ಯಂತ್ರಕ್ಕೆ ತಗಡಿನ ಶೆಡ್ಡು ಸಿಗುತ್ತದೆ. ಗಾಡಿಗಳಲ್ಲೇ ಹೀಗೆ ಮೇಲು ಕೀಳು ಮಾಡಿಟ್ಟಿರುವವರು ಆ ಗಾಡಿಗಳ ಕೆಳಗೆ ನುಸುಳುವ ಮನುಷ್ಯರನ್ನು ಹೇಗೆ ಕಂಡಾರು ಎಂದು ಬೇರೆ ಹೇಳಬೇಕಿಲ್ಲ.

ಹಗ್ಗದಕ್ಕ ಸೈನಿಕರಲ್ಲ, ಕಾರ್ಯಾಗಾರದ ನಾಗರಿಕ ನೌಕರರು. ಬಂದದ್ದು ಚೈನಿನ ಕೆಸರು ತೊಳೆಯುವ ಕೆಲಸಕ್ಕೆ. ಆಗ ಹಗ್ಗದ ಕೆಲಸ ನೋಡಿಕೊಳ್ಳುತ್ತಿದ್ದವರು ಒಂಟಿಕಾಲಿನ ಹಳೇ ಮೇಸ್ತ್ರಿ. ಒಂದು ಕಾಲನ್ನು ತುಂಡಾದ ಹಗ್ಗ ತೆಗೆದುಕೊಂಡುಹೋಗಿತ್ತು. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ತಿರುಗಿ ಹೊಡೆಯುತ್ತದೆ. ಎದುರಿಗೆ ಸಿಕ್ಕಿದ್ದು ಮರವೋ ಮೂಳೆಯೋ ಅದಕ್ಕೆ ಲೆಕ್ಕವಿಲ್ಲ. ಮೇಸ್ತ್ರಿಗೆ ಬಗ್ಗಲಾಗುತ್ತಿರಲಿಲ್ಲ, ಗಂಡಸರು ಯಾರೂ ಆ ಕೆಲಸಕ್ಕೆ ಬರುತ್ತಿರಲಿಲ್ಲ. ಕೆಸರು ತೊಳೆಯುವ ಹೆಂಗಸಿಗೆ, "ಏ, ಆ ಕೊಂಡಿ ಹಾಕಮ್ಮಾ" ಎಂದರು. ಹಾಕಿದರು. ಮರುದಿನವೂ ಹಾಕಿದರು. ಎಷ್ಟೋ ವರ್ಷ ಹಗ್ಗದ ಕೆಲಸ ಮಾಡುತ್ತಲೇ ಹಾಜರಿಯಲ್ಲಿ ತೊಳೆಯುವವಳಾಗಿಯೇ ಉಳಿದರು.

"ಶೆಡ್ಡಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಕೇಳಿದ್ದಕ್ಕೆ, 'ಈ ಶೆಡ್ಡಿಗೆ ಹೆಂಗಸರು ಮಂಜೂರಾಗಿಲ್ಲ' ಅಂತ ಉತ್ತರ ಬಂತು. ಹಂಗಾದ್ರೆ ಇಲ್ಲಿ ನಿಂತಿರೋದು ಯಾರಪ್ಪಾ ಅಂತ ನನಗೇ ಅನುಮಾನ ಬಂದು ಮೈ ಮುಟ್ಟಿ ನೋಡ್ಕೊಂಡೆ" ಎಂದು ನಗುತ್ತಾರೆ. ನೌಕರರ ಸಂಘದವರು ಗೇಟಿನಲ್ಲಿ ಧರಣಿ ಕೂತ ಮೇಲೆ ಪಾಯಖಾನೆ ಬಂತು. ಕೈಗವಸು ಮಾತ್ರ ಇವತ್ತಿಗೂ ಅವರ ಅಳತೆಯದು ಬರುವುದಿಲ್ಲ. ಗಂಡ ಶಾಲೆಚೀಲ ಹೊಲಿಯುವ ಕೆಲಸದವರು, ಚೀಲದ ಕ್ಯಾನ್ವಾಸಿನಲ್ಲೇ ಹೊಲಿದುಕೊಡುತ್ತಾರೆ. ಅದಕ್ಕೇ ಎಡಗೈ ಗವಸಿನ ಮೇಲೆ ಈಗ ಅರ್ಧ ಮೊಲದ ಚಿತ್ರ ಕಾಣುತ್ತಿದೆ.

ಬಲಗಿವಿ ಮಂದ. ಎಳೆಯುವಾಗ ಅವರು ನಿಲ್ಲುವ ಜಾಗ ಎಂಜಿನ್ನಿನ ಹೊಗೆಕೊಳವೆಯ ಕಡೆಗೆ. ಒಳಗೆ ಕೂತವರಿಗೆ ಸದ್ದು ತಡೆಯುವ ಕಿವಿಮುಚ್ಚಳ ಕೊಟ್ಟರು, ಹೊರಗೆ ನಿಲ್ಲುವವರನ್ನು ಮರೆತರು. ಮಾತಾಡುವವರು ಎಡಕ್ಕೆ ಬಂದು ನಿಲ್ಲಬೇಕು. ಇಷ್ಟವಿಲ್ಲದ ಮಾತು ಹೇಳುವವರು ಬಂದರೆ ಅಕ್ಕ ತಾವೇ ತಿರುಗಿ ಬಲಗಿವಿ ಕೊಡುತ್ತಾರೆ ಎಂದು ಚಾಲಕ ದೂರುತ್ತಾರೆ.

ಬೋಳಣ್ಣನ ಚಾಲಕರನ್ನು ಎಲ್ಲರೂ ಕರೆಯುವುದು ರೇಡಿಯೋ ಎಂದು. ಎಂಜಿನ್ನು ಶುರುವಾದರೆ ಅವರ ಮಾತೂ ಶುರುವಾಗುತ್ತದೆ, ಆ ಸದ್ದಿನಲ್ಲಿ ಒಂದಕ್ಷರವೂ ಯಾರಿಗೂ ಕೇಳುವುದಿಲ್ಲ, ಅವರೂ ನಿಲ್ಲಿಸುವುದಿಲ್ಲ. ಇಬ್ಬರ ನಡುವೆ ಇರುವುದು ಕೈಭಾಷೆ ಮಾತ್ರ. ಮುಷ್ಟಿ ಹಿಡಿದರೆ ನಿಲ್ಲಿಸು. ಬೆರಳು ಸುತ್ತಿದರೆ ಹಗ್ಗ ಸುತ್ತು. ಅಂಗೈಯನ್ನು ಹಿಟ್ಟು ತಟ್ಟಿದಂತೆ ಆಡಿಸಿದರೆ ನಿಧಾನ. "ಇನ್ನೊಂದಿದೆ" ಎನ್ನುತ್ತಾರೆ ರೇಡಿಯೋ, "ಅಕ್ಕ ಸೊಂಟದ ಮೇಲೆ ಎರಡೂ ಕೈ ಇಟ್ರೆ, ನಾನು ಏನೋ ದಡ್ಡತನ ಮಾಡಿದೀನಿ ಅಂತ."

ಹೊತ್ತು ಏರುವ ಮೊದಲೇ ಕರೆ ಬರುತ್ತದೆ. ಕವಾಯತು ಬಯಲಿನ ತಗ್ಗಿನಲ್ಲಿ ಟ್ಯಾಂಕೊಂದು ಹೊಟ್ಟೆಯವರೆಗೆ ಹೂತಿದೆ. ಬೋಳಣ್ಣ ಗುಡುಗುತ್ತ ಹೊರಡುತ್ತದೆ. ಅಕ್ಕ ಮೇಲೆ ಕ್ರೇನಿನ ಬುಡ ಹಿಡಿದು ಕೂತಿದ್ದಾರೆ, ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೊಂದು ಖಾಕಿ ಅಂಗಿ.

ಹೂತ ಟ್ಯಾಂಕಿನ ಮೇಲೆ ಅದರ ನಾಯಕ ನಿಂತಿದ್ದಾರೆ. ಎಳೆಯ ವಯಸ್ಸು, ಮೀಸೆ ಇನ್ನೂ ಕೂಡಿಕೊಂಡಿಲ್ಲ. ಅಕ್ಕ ಮೊಣಕಾಲುದ್ದ ಕೆಸರಿಗಿಳಿದು ಟ್ಯಾಂಕಿನ ಹಿಂಬದಿಗೆ ಕೊಂಡಿ ಹಾಕುತ್ತಾರೆ. ಆ ಕೊಂಡಿಯನ್ನು ಎತ್ತುವುದೇ ಒಂದು ಸಾಹಸ. ಎದೆಗೊತ್ತಿಕೊಂಡು, ಮೊಣಕಾಲಿಗೆ ಆನಿಸಿ, ಉಸಿರು ಬಿಗಿಹಿಡಿದು ಎತ್ತುತ್ತಾರೆ. ಬೆನ್ನು ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಬೋಳಣ್ಣ ಸಲಿಕೆ ಕಚ್ಚಿಸುತ್ತದೆ. ಹಗ್ಗ ನೆಲ ಬಿಟ್ಟು ಮೇಲೇಳುತ್ತದೆ, ನೀರು ತೊಟ್ಟಿಕ್ಕುತ್ತದೆ, ತಂತಿ ಮಿಡಿದಂತೆ ಸಣ್ಣಗೆ ಹಾಡುತ್ತದೆ. ಅಷ್ಟರಲ್ಲಿ, ಕೆಳಗಿಳಿದಿದ್ದ ನಾಯಕನಿಗೆ ಹಗ್ಗದಾಚೆ ನಿಂತ ತನ್ನ ಚಾಲಕನ ಮೇಲೆ ಸಿಟ್ಟು ಉಕ್ಕಿ, "ನಿನಗೆ ಎಡಕ್ಕೆ ತಗೋ ಅಂತ ಹೇಳ್ಲಿಲ್ವಾ?" ಎಂದು ಕೂಗುತ್ತ ಹಗ್ಗ ದಾಟಿ ಬರಲು ಹೆಜ್ಜೆ ಎತ್ತುತ್ತಾರೆ.

ಅಕ್ಕನ ಮುಷ್ಟಿ ಮೇಲೇಳುತ್ತದೆ. ಬೋಳಣ್ಣ ನಿಲ್ಲುತ್ತದೆ.

"ಸಾರ್, ಅಲ್ಲೇ ನಿಲ್ಲಿ. ಹಗ್ಗ ಬಿಗಿಯಾಗಿರೋವಾಗ ತಪ್ಪು ಯಾರದು ಅಂತ ಕೇಳೋ ಹಾಗಿಲ್ಲ. ಎಳೆದು ಕೊಡ್ತೀನಿ, ಆಮೇಲೆ ಕೂತ್ಕೊಂಡು ಚೆನ್ನಾಗಿ ಜಗಳ ಆಡಿ."

ಇದು ಶೆಡ್ಡಿನ ಕಟ್ಟಳೆ. ಒಂಟಿಕಾಲಿನ ಮೇಸ್ತ್ರಿ ಮಾಡಿಟ್ಟದ್ದು. ಅವರ ಕಾಲು ಹೋದ ದಿನವೂ ಇಬ್ಬರು ಹೀಗೇ ಹಗ್ಗದ ಆಚೀಚೆ ನಿಂತು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರಂತೆ, ಬಿಡಿಸಲು ಹೋದವರು ಮೇಸ್ತ್ರಿ. ಟ್ಯಾಂಕು ಗಟ್ಟಿ ನೆಲಕ್ಕೆ ಬಂದ ಮೇಲೆ ಎರಡನೇ ಕಟ್ಟಳೆ: ಹೂತ ಟ್ಯಾಂಕಿನ ನಾಯಕ ತನ್ನ ಕೈಯಾರೆ ಎಳೆದವರಿಗೆ ಚಹಾ ಬಗ್ಗಿಸಿ ಕೊಡಬೇಕು. ಎಳೆಯ ನಾಯಕ ಕೊಡುತ್ತಾರೆ, ಕಿವಿ ಕೆಂಪಗೆ ಮಾಡಿಕೊಂಡು. "ಸಕ್ಕರೆ ಕಮ್ಮಿ ಆಯ್ತು ಸಾರ್, ಮುಂದಿನ ಸಲ ಹೂತಾಗ ಸರಿಮಾಡ್ಕೊಳ್ಳಿ" ಎನ್ನುತ್ತಾರೆ ರೇಡಿಯೋ.

ಹಿಂದಿನಿಂದಲೇ ಯಾಕೆ ಎಳೆದದ್ದು ಎಂಬ ಪ್ರಶ್ನೆಗೆ ಅಕ್ಕ ಕೆಸರಿನ ಮೇಲಿನ ಚೈನಿನ ಗುರುತು ತೋರಿಸುತ್ತಾರೆ. "ಬಂದ ದಾರಿ ನೋಡಿ. ಅಷ್ಟು ಭಾರ ಆಗಲೇ ಹೊತ್ತು ತೋರಿಸಿದೆ. ಮುಂದಿನ ನೆಲ ಏನು ಮಾಡುತ್ತೋ ಯಾರು ಕಂಡೋರು? ಯಾವಾಗಲೂ ಬಂದ ಜಾಡಲ್ಲೇ ವಾಪಸ್ ಎಳೀಬೇಕು. ಕಣ್ಣು ಮುಚ್ಕೊಂಡಿದ್ರೂ ಕೈ ಹಿಂಬದಿ ಕೊಂಡಿಗೇ ಹೋಗುತ್ತೆ." ಕೈಯ ಕೆಸರು ಕೊಡವಿ, "ಅದೇ ಆಗಿದ್ದು ಅವತ್ತು" ಎನ್ನುತ್ತಾರೆ.

ಅವತ್ತು ಎಂದರೆ ಹೋದ ವರ್ಷದ ಮೆರವಣಿಗೆ. ಬೋಳಣ್ಣ ಮೆರವಣಿಗೆಯಲ್ಲಿ ಇರುವುದಿಲ್ಲ. ಅದನ್ನು ವೇದಿಕೆಯ ಪಕ್ಕದ ಓಣಿಯಲ್ಲಿ ಹಸಿರು ತಾಡಪಾಲಿನ ಕೆಳಗೆ ಅಡಗಿಸಿ, ಎಂಜಿನ್ನು ಬಿಸಿಯಿಟ್ಟು ನಿಲ್ಲಿಸುತ್ತಾರೆ. ಯಾವುದಾದರೂ ಟ್ಯಾಂಕು ಕೆಟ್ಟರೆ ಬೇಕಲ್ಲ. ಜನರಿಗೆ ಕಾಣಬಾರದು, ಆದರೆ ಇರಬೇಕು. ಈ ನಾಡಿನಲ್ಲಿ ಹಾಗೆ ಬದುಕುವವನು ಬೋಳಣ್ಣ ಒಬ್ಬನೇ ಅಲ್ಲವಲ್ಲ.

ಸಾಲಿನ ಕೊನೆಯ ಟ್ಯಾಂಕು ಸರಿಯಾಗಿ ವೇದಿಕೆಯ ಎದುರಿಗೆ ಬಂದು ಕೆಮ್ಮಿ ನಿಂತಿತು. ಬ್ಯಾಂಡು ನಿಲ್ಲಲಿಲ್ಲ. ಮುಂದಿನ ಟ್ಯಾಂಕುಗಳು ಹೋಗಿಬಿಟ್ಟವು. ತಾಡಪಾಲು ಸರಿಯಿತು, ಬೋಳಣ್ಣ ಓಣಿಯಿಂದ ಹೊರಬಂತು, ಅಕ್ಕ ಜಿಗಿದಿಳಿದು ಕೊಂಡಿ ಹಾಕಿದರು. ಹಿಂಬದಿಗೆ. ಬೆರಳು ಸುತ್ತಿದರು. ಟ್ಯಾಂಕು ಹೊರಟಿತು, ಹಿಂದಕ್ಕೆ. ಮೇಲೆ ನಿಂತಿದ್ದ ಅದರ ನಾಯಕ ಗಣ್ಯರಿಗೆ ಸಲಾಮು ಹೊಡೆದ ಭಂಗಿಯಲ್ಲೇ ಇದ್ದರು. ಕೈ ಇಳಿಸು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಡೀ ನಾಡು ನೋಡುತ್ತಿದ್ದಂತೆ ಟ್ಯಾಂಕು ಸಲಾಮು ಹೊಡೆಯುತ್ತ ಹೊಡೆಯುತ್ತ ಹಿಂದೆ ಹಿಂದೆ ಸರಿದು, ಓಣಿಯೊಳಗೆ ಮರೆಯಾಯಿತು. ಜನರ ನಡುವೆ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಚಪ್ಪಾಳೆಯೇ ಚಪ್ಪಾಳೆ. ಟಿವಿಯವರು ಆಕಾಶ ತೋರಿಸಿದರು.

"ತಪ್ಪೇ, ಅಲ್ಲ ಅನ್ನಲ್ಲ" ಎನ್ನುತ್ತಾರೆ ಅಕ್ಕ. "ಟಾರು ರಸ್ತೆ, ಕೆಸರಿಲ್ಲ ಏನಿಲ್ಲ. ಮುಂದಕ್ಕೆ ಎಳೀಬಹುದಿತ್ತು. ತಲೆ ಓಡಲಿಲ್ಲ, ಕೈ ಓಡ್ತು. ವಿಚಾರಣೆಗೆ ಕರೆದ್ರು. ಮೂರು ಜನ ಕೂತಿದ್ರು. 'ಸೇನೆ ಹಿಂದಕ್ಕೆ ಸರಿಯೋ ಹಾಗೆ ತೋರಿಸೋದನ್ನ ನಿಮಗೆ ಯಾರು ಹೇಳಿಕೊಟ್ರು?' ಅಂದ್ರು. 'ಕೆಸರು ಹೇಳಿಕೊಡ್ತು ಸಾರ್' ಅಂದೆ. ಬರ್ಕೊಳ್ಳಲಿಲ್ಲ."

ತಡೆಹಿಡಿದದ್ದು ಹಗ್ಗದ ಶೆಡ್ಡಿನ ಮೇಸ್ತ್ರಿಯ ಜಾಗ. ಮೇಸ್ತ್ರಿ ಆದರೆ ಕೊಂಡಿ ಎತ್ತಬೇಕಿಲ್ಲ, ಕೆಸರಿಗಿಳಿಯಬೇಕಿಲ್ಲ. ನೆಟ್ಟಗೆ ನಿಂತು ಹೊಸಬರಿಗೆ ಹೇಳಿಕೊಟ್ಟರಾಯಿತು. ಅಕ್ಕನ ಬೆನ್ನು ಈಗಾಗಲೇ ಮಾತು ಕೇಳುತ್ತಿಲ್ಲ. ಚಪ್ಪಲಿ ಹಾಕಿಕೊಳ್ಳಲು ಬೆಳಗ್ಗೆ ಗೋಡೆ ಹಿಡಿಯುತ್ತಾರೆ. ಬಗ್ಗದೆ ಕೆಲಸ ಮಾಡುವ ಕೆಲವು ವರ್ಷ, ಅವರಿಗೆ ಬೇಕಿರುವುದು ಅಷ್ಟೇ. ಒಬ್ಬ ಹೆಂಗಸಿನ ಬೆನ್ನುಮೂಳೆಗಿಂತ ವೇದಿಕೆಯ ಮೇಲಿದ್ದವರ ಮುಜುಗರ ದೊಡ್ಡದು ಎಂದು ತೀರ್ಮಾನಿಸಲು ಆ ಮೂವರಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಈಗ ಮತ್ತೆ ಮೆರವಣಿಗೆ ಬಂದಿದೆ. ಈ ಸಲ ತೊಂದರೆ ಬೇರೆ. ಸಾಲಿಗೆ ಎಂಟು ಟ್ಯಾಂಕು ಎಂದು ಕರಪತ್ರವೆಲ್ಲ ಅಚ್ಚಾಗಿದೆ. ಓಡುವ ಸ್ಥಿತಿಯಲ್ಲಿರುವುದು ಏಳು. ಎಂಟನೆಯದರ ಗೇರುಪೆಟ್ಟಿಗೆ ಬಿಚ್ಚಿ ಹಾಕಿ ತಿಂಗಳುಗಳಾದವು, ಬಿಡಿಭಾಗ ಬಂದಿಲ್ಲ. ಯಾರಿಗೋ ಒಂದು ಉಪಾಯ ಹೊಳೆದಿದೆ. ಬೋಳಣ್ಣನ ಹೊಟ್ಟೆಯೂ ಟ್ಯಾಂಕಿನದೇ, ಚೈನೂ ಟ್ಯಾಂಕಿನದೇ. ಮೇಲೊಂದು ಪ್ಲೈವುಡ್ಡಿನ ತಲೆ ಕೂರಿಸಿ, ನೀರಿನ ಪೈಪಿನದೊಂದು ಕೊಳವೆ ಸಿಕ್ಕಿಸಿ, ಬಣ್ಣ ಬಳಿದರೆ ಎಂಟಾಗುತ್ತದೆ.

"ಬೋಳಣ್ಣನಿಗೆ ವಿಗ್ಗು ಹಾಕ್ತಾರಂತೆ ಅಕ್ಕಾ" ಎಂದು ಮೊದಲು ಸುದ್ದಿ ತಂದವರು ರೇಡಿಯೋ. "ಮದುವೆಗೆ ಹೊರಟ ಹಾಗೆ ಕಾಣ್ತಾನೆ ನೋಡು."

ಅಕ್ಕನೂ ನಕ್ಕಿದ್ದರು. ಬಡಗಿ ಅಳತೆ ತೆಗೆಯಲು ಬಂದಾಗ ಟೇಪಿನ ಇನ್ನೊಂದು ತುದಿ ಹಿಡಿದುಕೊಟ್ಟಿದ್ದರು. ಮಧ್ಯಾಹ್ನ ಕಾರ್ಯಾಗಾರದ ಮುಖ್ಯಸ್ಥರು ಶೆಡ್ಡಿಗೆ ಬಂದು ಉಳಿದದ್ದನ್ನು ಹೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವಾಗ ಕನ್ನಡಕ ಒರೆಸಿಕೊಳ್ಳುವ ಅಭ್ಯಾಸದವರು. ಕ್ರೇನಿನ ಕೈ ಇದ್ದರೆ ಮರದ ತಲೆ ಕೂರುವುದಿಲ್ಲ, ಅದನ್ನು ಬಿಚ್ಚಬೇಕು. ಮುಂದೆ ಸಲಿಕೆ ಕಂಡರೆ ಟ್ಯಾಂಕಲ್ಲವೆಂದು ಗೊತ್ತಾಗುತ್ತದೆ, ಅದನ್ನೂ ಬಿಚ್ಚಬೇಕು. ಬಿಚ್ಚುವುದು ಹಗ್ಗದ ಶೆಡ್ಡಿನ ಕೆಲಸ. ಆಮೇಲೆ ಕನ್ನಡಕ ಒರೆಸಿಕೊಂಡು, "ನಿಮ್ಮ ಬಡ್ತಿ ವಿಷಯ ನಾನು ಮೇಲೆ ಮಾತಾಡಿದೀನಿ ಅಮ್ಮಾ. ಇದೊಂದು ಸರಿಯಾಗಿ ಆಗಲಿ, ಅದೂ ಆಗುತ್ತೆ. ನೀವೇ ಗಾಡಿ ಮೇಲೆ ನಿಂತು ವೇದಿಕೆ ಮುಂದೆ ಹೋಗಿ, ಯಾರು ಬೇಡ ಅಂತಾರೆ" ಎಂದರು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಸಲಿಕೆ ಬಿಚ್ಚಿದ್ರೆ ಎಳೆಯೋದು ಯಾರು ಸಾರ್? ನಮ್ಮ ಇನ್ನೊಂದು ಗಾಡಿ ಎಂಜಿನ್ ಇಲ್ಲದೆ ಕೂತಿದೆ."

"ಈ ಸಲ ಯಾವುದೂ ಕೆಡಲ್ಲ ಅಮ್ಮಾ."

"ಟ್ಯಾಂಕಿಗೆ ಹೇಳಿದೀರಾ?" ಎಂದರಂತೆ ಅಕ್ಕ. ಮುಖ್ಯಸ್ಥರೂ ನಕ್ಕುಬಿಟ್ಟರಂತೆ. ಯೋಚನೆ ಮಾಡಿ ಹೇಳಿ ಎಂದು ಹೋದರು.

ಸಲಿಕೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಮೆರವಣಿಗೆಯ ದಾರಿ ವೇದಿಕೆ ದಾಟಿದ ಮೇಲೆ ಪೇಟೆಯ ಕಡೆಗೆ ಇಳಿಯುತ್ತದೆ. ಎರಡು ವರ್ಷದ ಹಿಂದೆ, ತಾಲೀಮಿನ ದಿನ, ಆ ಇಳಿಜಾರಿನಲ್ಲಿ ಟ್ಯಾಂಕೊಂದರ ಬ್ರೇಕು ಕೈಕೊಟ್ಟಿತು. ಅದು ಅಡ್ಡಡ್ಡ ಜಾರಿ ಹೋಗಿ ಚಪ್ಪಲಿ ಅಂಗಡಿಯ ಬಾಗಿಲಿಗೆ ಒರಗಿ ನಿಂತಿತು. ಇನ್ನೂ ಜಾರುವ ಹಾಗೆ ತೂಗಾಡುತ್ತಿತ್ತು. ಬೋಳಣ್ಣ ಇಳಿಜಾರಿನ ಮೇಲ್ತುದಿಯಲ್ಲಿ ನಿಂತು, ಟಾರು ಒಡೆದು ಸಲಿಕೆ ನೆಟ್ಟು, ಹಗ್ಗದಲ್ಲಿ ಅದನ್ನು ಹಿಡಿದುಕೊಂಡಿತು. ಒಳಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ತಾಲೀಮಾದ್ದರಿಂದ ರಸ್ತೆಯಲ್ಲಿ ಜನವಿರಲಿಲ್ಲ, ಅಂಗಡಿ ಮುಚ್ಚಿತ್ತು. ಆ ಬಾಗಿಲಿನ ತಗಡು ಇವತ್ತಿಗೂ ಒಳಕ್ಕೆ ಬಾಗಿದೆ, ಹೋಗಿ ನೋಡಬಹುದು. ಆ ವಿಷಯ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಅಕ್ಕನ ಮನೆ ಎರಡು ಕೋಣೆಯದು. ಹೊರಕೋಣೆಯಲ್ಲಿ ಹೊಲಿಗೆ ಯಂತ್ರ, ಅರ್ಧ ಹೊಲಿದ ಚೀಲಗಳ ರಾಶಿ. ಅದರ ನಡುವೆ ಗಂಡ ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಒಳಕೋಣೆಯ ಮಂಚದ ಮೇಲೆ ಅತ್ತೆ. ಹಲ್ಲೆಲ್ಲ ಹೋಗಿದೆ, ಮಾತು ಹೋಗಿಲ್ಲ. ಮೆರವಣಿಗೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ.

"ನನ್ನ ಸೊಸೆ ಟ್ಯಾಂಕ್ ಎಳೀತಾಳೆ ಅಂತ ಪಕ್ಕದ ಮನೆಯವಳಿಗೆ ಹೇಳಿದೆ. 'ಹೌದಾ, ಯಾವ ಬೀದೀಲಿ ನೀರಿನ ತಳ್ಳುಗಾಡಿ ಇಟ್ಕೊಂಡಿದಾಳೆ' ಅಂತಾಳೆ! ಅವಳ ಬಾಯಿಗಿಷ್ಟು! ಪ್ರತಿ ವರ್ಷ ಕಾಲು ನೋಯಿಸ್ಕೊಂಡು ನಿಲ್ತೀನಿ. ಟ್ಯಾಂಕ್ ಹೋಗುತ್ತೆ, ಕುದುರೆ ಹೋಗುತ್ತೆ, ನಾಯಿ ಕೂಡ ಹೋಗುತ್ತೆ ಸಾಲಲ್ಲಿ. ಇವಳಿಲ್ಲ. ಹೋದ್ಸಲ ಇವಳು ಹೊರಗೆ ಬಂದ ದಿನ ನಾನು ಇಳಿಜಾರಲ್ಲಿದ್ದೆ, ಅಲ್ಲಿಂದ ಕಾಣಲೇ ಇಲ್ಲ."

"ಹೋದ್ಸಲ ಕಾಣದಿದ್ದದ್ದೇ ಒಳ್ಳೇದಾಯ್ತು ಬಿಡಿ" ಎನ್ನುತ್ತಾರೆ ಸೊಸೆ.

"ಈಗ ಅವರೇ ಕರೀತಿದಾರಲ್ಲೇ. ಮರದ ಕೋವಿಯೋ ಮಣ್ಣಿನ ಕೋವಿಯೋ, ರಸ್ತೇಲಿ ನಿಂತೋರಿಗೇನು ಗೊತ್ತಾಗುತ್ತೆ? ಬಗ್ಗೀ ಬಗ್ಗೀ ಆ ಸೊಂಟ ಎಷ್ಟು ದಿನ ಇರುತ್ತೆ? ಮೇಸ್ತ್ರಿ ಆಗು. ನಾನು ಇರೋವಾಗಲೇ ಆಗು. ಆ ಪಕ್ಕದ ಮನೆಯವಳನ್ನೂ ಕರ್ಕೊಂಡು ಹೋಗಿ ಮುಂದೆ ನಿಲ್ಲಿಸ್ತೀನಿ, ನೋಡ್ಲಿ."

"ಎಲ್ಲಿ ನಿಲ್ತೀರಿ ಅತ್ತೇ?"

"ಯಾವಾಗಲೂ ನಿಲ್ಲೋ ಜಾಗ. ಚಪ್ಪಲಿ ಅಂಗಡಿ ಮುಂದೆ. ಅಲ್ಲಿ ಕೂರೋಕೆ ಮೆಟ್ಟಿಲಿದೆ."

ಹೊರಗೆ ಹೊಲಿಗೆ ಯಂತ್ರ ನಿಲ್ಲುತ್ತದೆ. ಸೊಸೆ ಅತ್ತೆಯ ಕಾಲ ಬಳಿ ಕೂತು ಪಾದದ ಊತವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಒತ್ತಿದಲ್ಲಿ ಬಿದ್ದ ಗುಳಿ ತುಂಬಿಕೊಳ್ಳುವವರೆಗೆ ಕಾಯುತ್ತಾರೆ, ಇನ್ನೊಂದು ಕಡೆ ಒತ್ತುತ್ತಾರೆ.

ಮೆರವಣಿಗೆಗೆ ಎರಡು ದಿನ ಮುಂಚೆ ಪ್ಲೈವುಡ್ಡಿನ ತಲೆ ಕೈಗಾಡಿಯ ಮೇಲೆ ಶೆಡ್ಡಿಗೆ ಬರುತ್ತದೆ. ಬಡಗಿ ಒಳ್ಳೆಯ ಕೆಲಸಗಾರ. ಮೊಳೆಯ ತಲೆ ಕಾಣದಂತೆ ಮೇಣ ತುಂಬಿ ಉಜ್ಜಿದ್ದಾರೆ. ಬಣ್ಣದವರು ಡಬ್ಬಿ ತೆರೆದು ಕಾಯುತ್ತಿದ್ದಾರೆ. ಹಲ್ಲುಬ್ಬನ ತಂಡದವರು, ಮಡಚುಮಂಚದವರು ಎಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದಾರೆ. ಹಗ್ಗದಕ್ಕ ಬೋಳಣ್ಣನ ಮುಂದೆ, ಸಲಿಕೆಯ ಅಂಚಿನ ಮೇಲೆ ಕೂತು ನಿನ್ನೆ ಸೀಮೆಸುಣ್ಣದ ಗುರುತು ಹಾಕಿದ ಜಾಗಕ್ಕೆ ಗ್ರೀಸು ಹಚ್ಚುತ್ತಿದ್ದಾರೆ.

ಮುಖ್ಯಸ್ಥರು ಬರುತ್ತಾರೆ. ಎಡಗಿವಿಯ ಕಡೆಗೇ ಬಂದು ನಿಲ್ಲುತ್ತಾರೆ.

"ಇನ್ನೂ ಬಿಚ್ಚಿಲ್ವಾ ಅಮ್ಮಾ?"

"ಇಲ್ಲ ಸಾರ್."

"ಸಂಜೆಯೊಳಗೆ ಬಣ್ಣ ಒಣಗಬೇಕು. ಶುರು ಮಾಡಿಸಿ."

ಅಕ್ಕ ಎದ್ದು ನಿಲ್ಲುತ್ತಾರೆ. ಸಲಿಕೆಗೆ ಕೈ ಊರಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ಸಾರ್, ತಲೆ ಕೂರಿಸಿ, ಬೇಡ ಅನ್ನಲ್ಲ. ಬಣ್ಣ ಬಳೀರಿ. ಬೇಕಾದ್ರೆ ಬೋಳಣ್ಣನಿಗೆ ಹೂವಿನ ಹಾರ ಹಾಕಿ. ಸಲಿಕೆ, ಕ್ರೇನು ಇರೋ ಹಾಗೇನೇ ಏನು ಮಾಡ್ಕೋತೀರೋ ಮಾಡ್ಕೊಳ್ಳಿ."

"ಅವು ಇದ್ರೆ ಟ್ಯಾಂಕ್ ಥರ ಕಾಣಲ್ಲಮ್ಮಾ."

"ಅದು ಟ್ಯಾಂಕ್ ಅಲ್ಲವಲ್ಲ ಸಾರ್."

ಮಡಚುಮಂಚದವರಲ್ಲಿ ಯಾರೋ ನಗುತ್ತಾರೆ, ಕೆಮ್ಮಿದಂತೆ ಮಾಡುತ್ತಾರೆ. ಮುಖ್ಯಸ್ಥರು ಕನ್ನಡಕ ತೆಗೆಯುತ್ತಾರೆ. ದನಿ ತಗ್ಗಿಸುತ್ತಾರೆ.

"ನನಗೂ ಗೊತ್ತು ಇದು ನಗೆಪಾಟಲು ಅಂತ. ನಾನೇನು ಮಾಡಲಿ? ನಾಡಿದ್ದು ಎಂಟು ಬೇಕು ಅಂದ್ರೆ ಎಂಟು ಬೇಕು. ಒಂದು ಬೆಳಗ್ಗೆ ಕಳೆದ್ರೆ ಆಯ್ತು. ಆಮೇಲೆ ಮತ್ತೆ ಜೋಡಿಸಿ. ನಿಮ್ಮ ಮೇಸ್ತ್ರಿ ಜಾಗ ನನ್ನ ಕೈಲಿ ಬಂದು ಕೂತಿದೆ, ನನಗೆ ಅದನ್ನ ನಿಮಗೆ ಕೊಡಬೇಕು ಅಂತಿದೆ. ಯಾಕೆ ಕಳ್ಕೋತೀರಿ?"

"ಆ ಬೆಳಗ್ಗೆನೇ ಸಾರ್ ಇದು ಬೇಕಾಗಿರೋದು. ಉಳಿದ ದಿನ ಇಳಿಜಾರಲ್ಲಿ ಜನ ಇರಲ್ಲ."

"ಏನೂ ಆಗಲ್ಲ ಅಂತ ಹೇಳ್ತಾ ಇದೀನಲ್ಲ."

"ಆಗದೇ ಇರಲಿ ಸಾರ್. ಆಗದೇ ಇದ್ರೆ ನಾವು ಓಣೀಲಿ ತಾಡಪಾಲಿನ ಕೆಳಗೆ ಕೂತು ಚಹಾ ಕುಡಿದು ವಾಪಸ್ ಬರ್ತೀವಿ. ನಮ್ಮನ್ನ ಯಾರೂ ನೋಡದೇ ಇದ್ರೆ ಅವತ್ತು ಎಲ್ಲಾ ಸರಿಯಾಗಿ ನಡೀತು ಅಂತ ಅರ್ಥ."

ಮುಖ್ಯಸ್ಥರ ಮುಖ ಕೆಂಪಾಗುತ್ತದೆ. ಸುತ್ತ ನಿಂತವರನ್ನು ನೋಡುತ್ತಾರೆ, ಚಾಲಕನ ಕಿಂಡಿಯಿಂದ ತಲೆ ಹೊರಹಾಕಿದ ರೇಡಿಯೋವನ್ನು ನೋಡುತ್ತಾರೆ. ಈಗ ಅವರ ದನಿಯಲ್ಲಿ 'ಅಮ್ಮಾ' ಇಲ್ಲ.

"ಇದು ಕೋರಿಕೆ ಅಲ್ಲ, ಆದೇಶ. ಸ್ಪ್ಯಾನರ್ ತಗೊಳ್ಳಿ. ಸಲಿಕೆ ಬಿಚ್ಚಿ."

ಹಗ್ಗದಕ್ಕ ಗ್ರೀಸಿನ ಕೈಯನ್ನು ಖಾಕಿ ಅಂಗಿಗೆ ಒರೆಸಿಕೊಳ್ಳುತ್ತಾರೆ.

"ಬಿಚ್ಚಲ್ಲ ಸಾರ್."

"ಹಾಗಂತ ಬರೆದು ಕೊಡ್ತೀರಾ?"

"ಬರೆದು ಕೊಡೋದೇನು ಬಂತು. ಇಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳ್ತಾ ಇದೀನಲ್ಲ. ಬಿಚ್ಚಲ್ಲ."